ಕ್ಷಮೆ ಪಡೆದವರ ಮನೆ: ಹಿಪ್ಪೊದ ಸಂತ ಅಗಸ್ಟೀನರ ಬಾಳು

ಪ್ರತಿ ವರ್ಷ ಆಗಸ್ಟ್ 27ರಂದು ಸಂತ ಮೋನಿಕಾರವರನ್ನೂ ಮರುದಿನವೇ ಅವರ ಪುತ್ರ ಸಂತ ಅಗಸ್ಟೀನರನ್ನೂ ಧರ್ಮಸಭೆ ಸ್ಮರಿಸುತ್ತದೆ. ಹಿಂದೆ ಮೇ 4ರಂದು ಇದ್ದ ತಾಯಿಯ ಹಬ್ಬವನ್ನು 1969ರಲ್ಲಿ ಪೂಜಾಪಂಚಾಂಗವನ್ನು ಪರಿಷ್ಕರಿಸಿದಾಗ ಮಗನ ಹಬ್ಬದ ಮುನ್ನಾದಿನಕ್ಕೆ ತರಲಾಯಿತು. ಈ ಜೋಡಣೆಯಲ್ಲಿ ನಮಗೊಂದು ಪಾಠವಿದೆ. ದೇವರ ಕ್ಷಮೆಯನ್ನು ಯಾರೂ ಏಕಾಂಗಿಯಾಗಿ ಪಡೆಯುವುದಿಲ್ಲ. ಪಡೆದ ಮೇಲೆ ಏಕಾಂಗಿಯಾಗಿ ಅನುಭವಿಸಲೂ ಸಾಧ್ಯವಿಲ್ಲ. ಅದು ಒಬ್ಬರ ಪ್ರಾರ್ಥನೆಯಿಂದ ಮತ್ತೊಬ್ಬರ ಬಾಳಿಗೆ ಇಳಿದು, ಅಲ್ಲಿಂದ ಮೂರನೆಯವರತ್ತ ಹರಿಯಬೇಕು.

ಅಗಸ್ಟೀನರ ಕಥೆ ನಮ್ಮ ಕುಟುಂಬಗಳಿಗೆ ಹೊಸದೇನಲ್ಲ. ದಾರಿ ತಪ್ಪಿದ ಮಗ, ಕಣ್ಣೀರಿಟ್ಟ ತಾಯಿ, ಕೊನೆಗೆ ಮನಪರಿವರ್ತನೆ, ಇಷ್ಟನ್ನು ಧರ್ಮೋಪದೇಶದ ತರಗತಿಗಳಲ್ಲಿ ನಾವೆಲ್ಲರೂ ಕೇಳಿದ್ದೇವೆ. ಆದರೆ ಇದು ಅರ್ಧ ಕಥೆ ಮಾತ್ರ. ದೀಕ್ಷಾಸ್ನಾನ ಪಡೆಯುವಾಗ ಅಗಸ್ಟೀನರಿಗೆ 32 ವರ್ಷ. ಅನಂತರ ಅವರು 43 ವರ್ಷ ಬದುಕಿದರು. ಪಡೆದ ಕ್ಷಮೆಯನ್ನು ಅಷ್ಟು ದೀರ್ಘಕಾಲ ಅವರು ಏನು ಮಾಡಿದರು ಎಂಬುದೇ ಉಳಿದ ಅರ್ಧ ಕಥೆ. ಈ ವಾರ ಎರಡೂ ಭಾಗಗಳನ್ನು ಒಟ್ಟಿಗೆ ನೋಡೋಣ.

ಸಂಗದಲ್ಲಿ ಮಾಡಿದ ಪಾಪ

ಕ್ರಿ.ಶ. 354ರ ನವೆಂಬರ್ 13ರಂದು ಉತ್ತರ ಆಫ್ರಿಕದ ತಗಾಸ್ತೆ ಎಂಬ ಸಣ್ಣ ಪಟ್ಟಣದಲ್ಲಿ ಅಗಸ್ಟೀನರು ಜನಿಸಿದರು. ಅದು ಅಂದು ರೋಮ್ ಸಾಮ್ರಾಜ್ಯಕ್ಕೆ ಸೇರಿತ್ತು. ಇಂದು ಅಲ್ಜೀರಿಯ ದೇಶದಲ್ಲಿದೆ. ತಂದೆ ಪತ್ರಿಸಿಯುಸ್ ಕ್ರೈಸ್ತರಾಗಿರಲಿಲ್ಲ. ಮುಂಗೋಪಿ, ಪತ್ನಿಗೆ ನಿಷ್ಠನಾಗಿರದಿದ್ದ ಪುರುಷ. ಜೀವನದ ಕೊನೆಯ ಹಂತದಲ್ಲಿ ಮಾತ್ರ ಅವರು ಕ್ರೈಸ್ತ ವಿಶ್ವಾಸವನ್ನು ಸ್ವೀಕರಿಸಿದರು. ತಾಯಿ ಮೋನಿಕಾ ಬಾಲ್ಯದಿಂದಲೂ ಕ್ರೈಸ್ತಳು.

ಹದಿನಾರನೆಯ ವಯಸ್ಸಿನಲ್ಲಿ ಹಣದ ಅಭಾವದಿಂದ ಓದು ನಿಂತು ಹುಡುಗ ಮನೆಯಲ್ಲಿದ್ದ. ಆಗ ನಡೆದ ಒಂದು ಘಟನೆಯನ್ನು ಮುಂದೆ ಅವರೇ ಬರೆದಿಟ್ಟಿದ್ದಾರೆ. ಒಂದು ರಾತ್ರಿ ಗೆಳೆಯರ ಗುಂಪು ನೆರೆಯವರ ತೋಟಕ್ಕೆ ನುಗ್ಗಿ ಮರಸೇಬಿನ ಮರವನ್ನು ಅಲ್ಲಾಡಿಸಿ ರಾಶಿ ಹಣ್ಣು ಕದ್ದಿತು. ಹಣ್ಣು ರುಚಿಯಾಗಿಯೂ ಇರಲಿಲ್ಲ, ಅವರಿಗೆ ಹಸಿವೂ ಇರಲಿಲ್ಲ. ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಇಷ್ಟು ಸಣ್ಣ ಕಳ್ಳತನವನ್ನು ಒಬ್ಬ ಧರ್ಮಾಧ್ಯಕ್ಷರು ಏಕೆ ಅಷ್ಟು ದೀರ್ಘವಾಗಿ ವಿಚಾರಿಸುತ್ತಾರೆಂದು ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಅಚ್ಚರಿಪಡುವುದುಂಟು. ಅವರು ಕಂಡುಕೊಂಡ ಉತ್ತರ ಮಾರ್ಮಿಕವಾದದ್ದು. ತಾನೊಬ್ಬನೇ ಇದ್ದಿದ್ದರೆ ಆ ಕೆಲಸವನ್ನು ಮಾಡುತ್ತಿರಲಿಲ್ಲ. ಜೊತೆಗಾರರ ಮುಂದೆ ಹಿಂಜರಿಯಲು ನಾಚಿಕೆಯಾದುದರಿಂದ ಮಾಡಿದೆ ಎಂಬುದು ಅವರ ನಿಷ್ಕರ್ಷೆ. ಪಾಪವೂ ಸಂಗವನ್ನು ಬಯಸುತ್ತದೆ. ಹಾಗಿದ್ದರೆ ಪಾಪದಿಂದ ಬಿಡುಗಡೆಗೂ ಒಂದು ಸಂಗ ಬೇಕಲ್ಲವೇ? ಅವರ ಇಡೀ ಬಾಳು ಈ ಪ್ರಶ್ನೆಗೆ ನೀಡಿದ ಉತ್ತರವೆಂದರೂ ತಪ್ಪಾಗಲಾರದು.

ಊರಿನ ಧನಿಕರಾದ ರೊಮಾನಿಯಾನುಸ್‌ರ ನೆರವಿನಿಂದ ಅಗಸ್ಟೀನರು ಕಾರ್ಥೇಜ್ ನಗರದಲ್ಲಿ ವಿದ್ಯೆ ಮುಂದುವರಿಸಿದರು. ಅಲ್ಲಿ ಒಬ್ಬ ಸ್ತ್ರೀಯೊಡನೆ ವಿವಾಹವಿಲ್ಲದೆ ಸಂಸಾರ ಹೂಡಿದರು. ಅದಿಯೋದಾತುಸ್ ಎಂಬ ಮಗ ಹುಟ್ಟಿದ. ದೇವರಿತ್ತವನು ಎಂಬುದು ಆ ಹೆಸರಿನ ಅರ್ಥ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಿಸೆರೊ ಬರೆದ ಗ್ರಂಥವೊಂದನ್ನು ಓದಿ ಅವರಲ್ಲಿ ಜ್ಞಾನದಾಹ ಹೊತ್ತಿಕೊಂಡಿತು. ಆ ದಾಹ ಅವರನ್ನು ಮಾನಿಕೇಯ ಪಂಥಕ್ಕೆ ಒಯ್ದಿತು. ಬೆಳಕು, ಕತ್ತಲೆ ಎಂಬ ಎರಡು ಮೂಲಶಕ್ತಿಗಳ ಹೋರಾಟವೇ ಜಗತ್ತು ಎಂದು ಆ ಪಂಥ ಬೋಧಿಸುತ್ತಿತ್ತು. ಆ ಬೋಧನೆಯ ಆಕರ್ಷಣೆ ಎಲ್ಲಿದೆಯೆಂಬುದನ್ನು ಗಮನಿಸಬೇಕು. ಪಾಪ ಮಾಡಿದವನು ನಾನಲ್ಲ, ನನ್ನೊಳಗಿನ ಕತ್ತಲೆಯ ಅಂಶ ಎಂದು ಹೇಳಿ ಪಾರಾಗಲು ಅಲ್ಲಿ ಅವಕಾಶವಿತ್ತು. ತಪ್ಪು ತನ್ನದಲ್ಲ ಎನ್ನುವವನಿಗೆ ಕ್ಷಮೆಯ ಅಗತ್ಯವೇ ಬೀಳುವುದಿಲ್ಲ. ಒಂಬತ್ತು ವರ್ಷ ಅಗಸ್ಟೀನರು ಆ ಪಂಥದ ನೆರಳಿನಲ್ಲಿ ಉಳಿದರು.

ಮಿಲಾನ್ ನಗರದ ತೋಟ

383ರಲ್ಲಿ ಅವರು ರೋಮಿಗೆ, 384ರಲ್ಲಿ ಮಿಲಾನ್ ನಗರಕ್ಕೆ ಹೋದರು. ಮಿಲಾನಿನಲ್ಲಿ ವಾಕ್ಚಾತುರ್ಯವನ್ನು ಬೋಧಿಸುವ ಉನ್ನತ ಹುದ್ದೆ ಅವರಿಗೆ ದೊರೆಯಿತು. ಅಲ್ಲಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರ ಪ್ರಬೋಧನೆಗಳನ್ನು ಮೊದಲು ಶೈಲಿಗಾಗಿ, ಅನಂತರ ವಿಷಯಕ್ಕಾಗಿ ಕೇಳತೊಡಗಿದರು. ಪ್ಲೇಟೊ ಪರಂಪರೆಯ ತತ್ತ್ವಜ್ಞಾನಿಗಳ ಗ್ರಂಥಗಳನ್ನು ಓದಿದಾಗ ಕೇಡಿಗೆ ಸ್ವತಂತ್ರ ಅಸ್ತಿತ್ವವಿಲ್ಲ, ಅದು ಒಳಿತಿನ ಕೊರತೆ ಮಾತ್ರ ಎಂಬ ಅರಿವು ಮೂಡಿತು. ಬುದ್ಧಿಯ ತೊಡಕುಗಳು ಒಂದೊಂದಾಗಿ ಬಿಡಿಸಿಕೊಂಡವು. ಆದರೆ ಇಚ್ಛಾಶಕ್ತಿ ಮಾತ್ರ ಹಳೆಯ ಅಭ್ಯಾಸದ ಸಂಕೋಲೆಯಲ್ಲಿಯೇ ಇತ್ತು. ತಿಳಿದವನು ಒಳ್ಳೆಯದನ್ನೇ ಮಾಡುತ್ತಾನೆಂಬ ಪ್ರಾಚೀನ ಗ್ರೀಕರ ನಂಬಿಕೆ ತನ್ನಲ್ಲಿ ಸುಳ್ಳಾದುದನ್ನು ಅವರು ಕಂಡರು.

ಇದೇ ಕಾಲದಲ್ಲಿ ಅನುಕೂಲವಾದ ವಿವಾಹಸಂಬಂಧವೊಂದನ್ನು ಗೊತ್ತುಮಾಡಿ, ಸುಮಾರು ಹದಿನೈದು ವರ್ಷ ತನ್ನೊಡನೆ ಬಾಳಿದ್ದ ಆ ಸ್ತ್ರೀಯನ್ನು ಆಫ್ರಿಕಕ್ಕೆ ಕಳುಹಿಸಿಬಿಡಲಾಯಿತು. ಆಕೆ ಮಗನನ್ನು ತಂದೆಯ ಬಳಿ ಬಿಟ್ಟು, ಬೇರೆ ಪುರುಷನನ್ನು ಅರಿಯೆನೆಂಬ ವ್ರತತೊಟ್ಟು ಹೊರಟುಹೋದಳು. ಅಗಸ್ಟೀನರಾದರೋ ವಿವಾಹದ ದಿನದವರೆಗೂ ಕಾಯಲಾರದೆ ಮತ್ತೊಬ್ಬ ಸ್ತ್ರೀಯ ಸಂಗ ಮಾಡಿದರು. ಆಕೆಯ ಸ್ಥೈರ್ಯವನ್ನೂ ತನ್ನ ದೌರ್ಬಲ್ಯವನ್ನೂ ಅಕ್ಕಪಕ್ಕದಲ್ಲಿಟ್ಟು ಅವರೇ ದಾಖಲಿಸಿದ್ದಾರೆ. ಆ ಸ್ತ್ರೀಯ ಹೆಸರು ನಮಗೆ ಉಳಿದಿಲ್ಲ. ಸಂತರ ಬಾಳಿನ ಈ ಪುಟವನ್ನು ನಾವು ಅವಸರದಲ್ಲಿ ಮಗುಚಬಾರದು. ನಮ್ಮ ಪಾಪಕ್ಕೆ ಸಾಮಾನ್ಯವಾಗಿ ಇನ್ನೊಬ್ಬರು ಬೆಲೆ ತೆತ್ತಿರುತ್ತಾರೆ ಎಂಬುದನ್ನು ಅದು ನೆನಪಿಸುತ್ತದೆ.

386ರ ಬೇಸಿಗೆಯ ಕೊನೆಯಲ್ಲಿ ಮಿಲಾನಿನ ಮನೆಯ ತೋಟದಲ್ಲಿ ಆ ಪ್ರಸಿದ್ಧ ಘಟನೆ ನಡೆಯಿತು. ಅಂತರಂಗದ ತಳಮಳ ತಾಳಲಾರದೆ ಅವರು ಮರದಡಿ ಬಿದ್ದು ಅಳುತ್ತಿದ್ದಾಗ, ಪಕ್ಕದ ಮನೆಯಿಂದ ಎತ್ತಿಕೊಂಡು ಓದೆಂದು ಹೇಳುವ ಮಗುವಿನ ದನಿ ಕೇಳಿಬಂತು. ಸಂತ ಪೌಲರ ಪತ್ರಗಳನ್ನು ತೆರೆದಾಗ, ವಿಷಯಲಂಪಟತೆಯನ್ನು ತೊರೆದು ಕ್ರಿಸ್ತರನ್ನು ಧರಿಸಿಕೊಳ್ಳಲು ರೋಮನರಿಗೆ ಬರೆದ ಬುದ್ಧಿಮಾತು ಕಣ್ಣಿಗೆ ಬಿತ್ತು. ಸಂದೇಹದ ಕತ್ತಲೆ ಸರಿಯಿತು. ಆ ಕ್ಷಣದಲ್ಲಿಯೂ ಅವರು ಒಂಟಿಯಾಗಿರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಗೆಳೆಯ ಅಲಿಪಿಯುಸ್ ಅದೇ ತೋಟದಲ್ಲಿದ್ದರು. ಅವರು ಅದೇ ಪುಟದ ಮುಂದಿನ ವಾಕ್ಯವನ್ನು ಓದಿದರು. ವಿಶ್ವಾಸದಲ್ಲಿ ಬಲಹೀನನಾದವನನ್ನು ಸೇರಿಸಿಕೊಳ್ಳಬೇಕೆಂಬ ಆ ವಾಕ್ಯ ತಮಗಾಗಿಯೇ ಇದೆಯೆಂದು ಅಲಿಪಿಯುಸ್ ಭಾವಿಸಿದರು. ಬಳಿಕ ಇಬ್ಬರೂ ಒಳಹೋಗಿ ತಾಯಿಗೆ ಸುದ್ದಿ ತಿಳಿಸಿದರು. 387ರ ಪಾಸ್ಕ ಜಾಗರಣೆಯ ರಾತ್ರಿ ಅಂಬ್ರೋಸರ ಕೈಯಿಂದ ಅಗಸ್ಟೀನ್, ಮಗ ಅದಿಯೋದಾತುಸ್, ಗೆಳೆಯ ಅಲಿಪಿಯುಸ್ ಮೂವರೂ ಒಟ್ಟಾಗಿ ದೀಕ್ಷಾಸ್ನಾನ ಪಡೆದರು. ಅಂದು ಗುಂಪಾಗಿ ಕದ್ದವನು ಇಂದು ಗುಂಪಾಗಿ ಕ್ಷಮೆ ಪಡೆದನು.

ತಾಯಿ ಬಿಟ್ಟುಹೋದ ಆಸ್ತಿ

ಊರಿಗೆ ಮರಳುವ ಹಾದಿಯಲ್ಲಿ, ರೋಮಿನ ಬಂದರಾದ ಓಸ್ತಿಯದಲ್ಲಿ, ಮೋನಿಕಾ ಅದೇ ವರ್ಷ ತನ್ನ 56ನೆಯ ವಯಸ್ಸಿನಲ್ಲಿ ಮರಣಹೊಂದಿದರು. ಸ್ವದೇಶದಲ್ಲಿ ಪತಿಯ ಪಕ್ಕದಲ್ಲಿ ಸಮಾಧಿಯಾಗಬೇಕೆಂಬ ಬಹುಕಾಲದ ಆಸೆಯನ್ನು ಕೊನೆಯಲ್ಲಿ ಬಿಟ್ಟುಕೊಟ್ಟರು. ದೇಹವನ್ನು ಎಲ್ಲಿಯಾದರೂ ಇಡಿ, ಬಲಿಪೀಠದ ಬಳಿ ಮಾತ್ರ ನನ್ನನ್ನು ನೆನೆಯಿರಿ ಎಂಬುದಷ್ಟೇ ಅವರು ಮಕ್ಕಳಲ್ಲಿ ಮಾಡಿಕೊಂಡ ವಿನಂತಿ.

ಮೋನಿಕಾರವರ ಕಣ್ಣೀರನ್ನು ಎಲ್ಲರೂ ಹೊಗಳುತ್ತಾರೆ. ಮಗ ನೆನಪಿಸಿಕೊಂಡ ಇನ್ನೊಂದು ಗುಣ ನಮ್ಮ ಮನೆಗಳಿಗೆ ಹೆಚ್ಚು ಬೇಕಾದದ್ದು. ಕೆಲಸದಾಳುಗಳ ಚಾಡಿಮಾತಿನಿಂದ ಮುನಿದಿದ್ದ ಅತ್ತೆಯನ್ನು ಅವರು ತಾಳ್ಮೆ ಮತ್ತು ವಿನಯದಿಂದ ಗೆದ್ದರು. ಜಗಳವಾಡಿದ ಇಬ್ಬರು ಸ್ತ್ರೀಯರು ಪ್ರತ್ಯೇಕವಾಗಿ ಬಂದು ಒಬ್ಬರ ಮೇಲೊಬ್ಬರು ವಿಷ ಕಾರಿದರೂ, ಆ ಮಾತುಗಳಲ್ಲಿ ಇಬ್ಬರನ್ನು ಕೂಡಿಸಬಲ್ಲದ್ದನ್ನು ಮಾತ್ರ ಆಕೆ ಮತ್ತೊಬ್ಬರಿಗೆ ಮುಟ್ಟಿಸುತ್ತಿದ್ದರು. ಉಳಿದದ್ದು ಆಕೆಯಲ್ಲಿಯೇ ಇಂಗಿಹೋಗುತ್ತಿತ್ತು. ಇದನ್ನು ಸಣ್ಣ ಗುಣವೆಂದು ಎಣಿಸುತ್ತಿದ್ದೆ, ಆದರೆ ಕೇಳಿದ್ದಕ್ಕೆ ತಮ್ಮದನ್ನೂ ಸೇರಿಸಿ ಹಬ್ಬಿಸುವ ಅಸಂಖ್ಯಾತ ಜನರನ್ನು ಕಂಡ ಮೇಲೆ ಇದರ ಬೆಲೆ ತಿಳಿಯಿತು ಎಂಬ ಭಾವದಲ್ಲಿ ಅಗಸ್ಟೀನರು ಬರೆದಿದ್ದಾರೆ. ಕ್ಷಮೆಯ ಮೊದಲ ಪಾಠಶಾಲೆ ಮನೆಯೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

388ರಲ್ಲಿ ಅವರು ತಗಾಸ್ತೆಗೆ ಮರಳಿ, ಗೆಳೆಯರೊಡನೆ ಪ್ರಾರ್ಥನೆ ಮತ್ತು ಅಧ್ಯಯನದ ಸಮುದಾಯ ಜೀವನವನ್ನು ಆರಂಭಿಸಿದರು. ಪ್ರತಿಭಾವಂತನಾಗಿದ್ದ ಮಗ ಹದಿಹರೆಯದಲ್ಲಿಯೇ ತೀರಿಕೊಂಡನು. 391ರಲ್ಲಿ ಹಿಪ್ಪೊ ನಗರಕ್ಕೆ ಬಂದಿದ್ದಾಗ ಅಲ್ಲಿನ ಜನರು ದೇವಾಲಯದಲ್ಲಿಯೇ ಅವರನ್ನು ಹಿಡಿದು, ಯಾಜಕರನ್ನಾಗಿ ಮಾಡುವಂತೆ ವೃದ್ಧ ಧರ್ಮಾಧ್ಯಕ್ಷ ವಲೇರಿಯುಸ್‌ರನ್ನು ಒತ್ತಾಯಿಸಿದರು. ಅಗಸ್ಟೀನರು ಕಣ್ಣೀರಿಡುತ್ತಲೇ ಒಪ್ಪಿಕೊಂಡರು. ಕೆಲವು ವರ್ಷಗಳಲ್ಲಿ ವಲೇರಿಯುಸ್‌ರ ಸಹಾಯಕರಾಗಿ ಧರ್ಮಾಧ್ಯಕ್ಷ ದೀಕ್ಷೆ ಪಡೆದು, ಅವರ ಮರಣಾನಂತರ ಆ ಪೀಠವನ್ನು ಅಲಂಕರಿಸಿದರು.

ಆ ದೀಕ್ಷೆಯೂ ಸುಗಮವಾಗಿರಲಿಲ್ಲ. ಪ್ರಾಂತದ ಹಿರಿಯ ಧರ್ಮಾಧ್ಯಕ್ಷ ಮೆಗಾಲಿಯುಸ್ ಅಗಸ್ಟೀನರ ವಿರುದ್ಧ ಗುರುತರವಾದ ಆರೋಪವನ್ನು ಪತ್ರದಲ್ಲಿ ಬರೆದಿದ್ದರು. ವಿಚಾರಣೆಯಲ್ಲಿ ಅದು ನಿರಾಧಾರವೆಂದು ತಿಳಿದಾಗ ಮೆಗಾಲಿಯುಸ್ ಕ್ಷಮೆ ಬೇಡಿದರು. ತಮ್ಮ ಕೈಯಾರೆ ಅವರಿಗೆ ದೀಕ್ಷೆಯನ್ನೂ ನೀಡಿದರು. 397ರಲ್ಲಿ ಮೆಗಾಲಿಯುಸ್ ನಿಧನರಾದ ಬಳಿಕ ಬರೆದ ಪತ್ರವೊಂದರಲ್ಲಿ, ಕೋಪವನ್ನು ಹೃದಯದಲ್ಲಿ ಹಳತಾಗಲು ಬಿಟ್ಟರೆ ಅದು ದ್ವೇಷವಾಗುತ್ತದೆ ಎಂದು ಅಗಸ್ಟೀನರು ಎಚ್ಚರಿಸುತ್ತಾರೆ. ಮೆಗಾಲಿಯುಸ್ ಮಾಡಿದ ಆರೋಪವನ್ನು ವಿರೋಧಿಗಳು ಮುಂದೆಯೂ ಎತ್ತಿ ಆಡುತ್ತಲೇ ಇದ್ದರು.

ಅದೇ ವರ್ಷದ ಸುಮಾರಿಗೆ ಅವರು ತಮ್ಮ ಬಾಳಿನ ತಪ್ಪುಗಳನ್ನು ತಾವೇ ಬಯಲುಮಾಡುವ ಹದಿಮೂರು ಭಾಗಗಳ ಗ್ರಂಥವನ್ನು ಬರೆಯತೊಡಗಿದರು. ಅದರ ಲ್ಯಾಟಿನ್ ಹೆಸರಿಗೆ ಪಾಪದ ನಿವೇದನೆ, ದೇವರ ಸ್ತುತಿ ಎಂಬ ಎರಡು ಅರ್ಥಗಳೂ ಉಂಟು. ಪಾಪವನ್ನು ಒಪ್ಪಿಕೊಳ್ಳುವುದೂ ದೇವರನ್ನು ಸ್ತುತಿಸುವುದೂ ಅವರಿಗೆ ಒಂದೇ ಉಸಿರಿನ ಕೆಲಸವಾಗಿದ್ದವು. ತನ್ನ ಕುರಿಮಂದೆಯ ಮುಂದೆ ಕುರುಬನೇ ಕ್ಷಮೆ ಪಡೆದ ಪಾಪಿಯಾಗಿ ನಿಂತನು.

ರೊಟ್ಟಿ ಮಾರದ ಊರು

ಅಗಸ್ಟೀನರು ಬಂದಾಗ ಹಿಪ್ಪೊದ ಕ್ರೈಸ್ತರು ಎರಡು ಬಣಗಳಾಗಿ ಒಡೆದಿದ್ದರು. ಒಡಕಿನ ಬೇರು ಸುಮಾರು ತೊಂಬತ್ತು ವರ್ಷಗಳಷ್ಟು ಹಿಂದಿನದು. 303ರಲ್ಲಿ ಚಕ್ರವರ್ತಿ ಡಯೊಕ್ಲೇಷಿಯನ್ ಹಿಂಸಾಚಾರವನ್ನು ಆರಂಭಿಸಿದಾಗ ಕೆಲವು ಧರ್ಮಾಧ್ಯಕ್ಷರು ಮತ್ತು ಯಾಜಕರು ಜೀವಭಯದಿಂದ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ್ದರು. ಹಿಂಸೆ ನಿಂತ ಮೇಲೆ, ಹಾಗೆ ಬಿದ್ದವರು ನೀಡುವ ಸಂಸ್ಕಾರಗಳಿಗೆ ಬೆಲೆಯುಂಟೇ ಎಂಬ ಪ್ರಶ್ನೆ ಎದ್ದಿತು. ಕಾರ್ಥೇಜಿನ ಧರ್ಮಾಧ್ಯಕ್ಷ ಸೆಸಿಲಿಯಾನುಸ್‌ಗೆ ದೀಕ್ಷೆ ನೀಡಿದವರಲ್ಲಿ ಒಬ್ಬರು ಅಂಥವರೆಂದು ಆಪಾದಿಸಿ ಒಂದು ಬಣ ಬೇರೆಯಾಯಿತು. ದೊನಾತುಸ್ ಎಂಬವರು ಅದರ ಮುಂದಾಳಾದರು. ತಮ್ಮದು ಮಾತ್ರ ಕಳಂಕವಿಲ್ಲದವರ ಸಭೆ ಎಂಬುದು ಆ ಪಂಥದ ವಾದ. ಕಥೋಲಿಕರು ತಮ್ಮ ಕಡೆಗೆ ಬಂದರೆ ಅವರಿಗೆ ಪುನಃ ದೀಕ್ಷಾಸ್ನಾನ ನೀಡುತ್ತಿದ್ದರು.

ಈ ವಾದ ಬೀದಿಯಲ್ಲಿ ಯಾವ ರೂಪ ತಾಳಿತ್ತೆಂಬುದಕ್ಕೆ ಅಗಸ್ಟೀನರೇ ಒಂದು ನಿದರ್ಶನ ನೀಡುತ್ತಾರೆ. ಅವರು ಬರುವುದಕ್ಕೆ ಮುನ್ನ ಹಿಪ್ಪೊದಲ್ಲಿ ಕಥೋಲಿಕರು ಅಲ್ಪಸಂಖ್ಯಾತರಾಗಿದ್ದಾಗ, ದೊನಾತುಸ್ ಪಂಥದ ಧರ್ಮಾಧ್ಯಕ್ಷ ಫೌಸ್ತಿನುಸ್ ಕಥೋಲಿಕರಿಗಾಗಿ ಯಾರೂ ರೊಟ್ಟಿ ಸುಡಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಅದೇ ಕ್ರಿಸ್ತರ ಹೆಸರಿನಲ್ಲಿ ರೊಟ್ಟಿ ಮುರಿಯುವವರು ನೆರೆಯವನ ಮನೆಗೆ ರೊಟ್ಟಿ ಹೋಗದಂತೆ ತಡೆದರು. ಗಂಡಹೆಂಡಿರು ಒಂದೇ ಮನೆಯಲ್ಲಿ ಬಾಳುತ್ತಲೇ ಬೇರೆ ಬೇರೆ ಬಲಿಪೀಠಗಳಿಗೆ ಹೋಗುತ್ತಿದ್ದ ದುಃಸ್ಥಿತಿಯನ್ನು ಅಗಸ್ಟೀನರು ಎದುರು ಬಣದ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ನೋವಿನಿಂದ ಚಿತ್ರಿಸಿದ್ದಾರೆ.

ಅವರ ಉತ್ತರ ಸರಳವಾದದ್ದು, ಆದರೆ ಆಳವಾದದ್ದು. ದೀಕ್ಷಾಸ್ನಾನ ಕೊಡುವವರು ಯಾರೇ ಆಗಿರಲಿ, ಅದು ಕ್ರಿಸ್ತರದು. ಗೋದಿ ಮತ್ತು ಕಳೆ ಸುಗ್ಗಿಯವರೆಗೂ ಒಂದೇ ಹೊಲದಲ್ಲಿ ಬೆಳೆಯುತ್ತವೆಂದು ಪ್ರಭುವೇ ಹೇಳಿದ ಮೇಲೆ, ಕೊಯ್ಲಿಗೆ ಮುಂಚೆ ಕುಡುಗೋಲು ಎತ್ತಲು ನಮಗೆ ಅಧಿಕಾರವಿಲ್ಲ. ಧರ್ಮಸಭೆಯ ಪಾವಿತ್ರ್ಯ ಅದರ ಸದಸ್ಯರ ಅರ್ಹತೆಯಿಂದ ಬಂದದ್ದಲ್ಲ, ಅದರ ಶಿರಸ್ಸಾದ ಕ್ರಿಸ್ತರಿಂದ ಬಂದದ್ದು. ತನ್ನನ್ನು ಒಳಗೆ ಬಿಟ್ಟ ಬಾಗಿಲು ಯಾವುದೆಂದು ಬಲ್ಲವನು ಮಾತ್ರ ಹೀಗೆ ಹೇಳಬಲ್ಲನು. ಕಳಂಕವಿಲ್ಲದವರಿಗೆ ಮಾತ್ರ ಆ ಬಾಗಿಲು ತೆರೆಯುವಂತಿದ್ದರೆ ಅಗಸ್ಟೀನರು ಹೊರಗೇ ಉಳಿಯುತ್ತಿದ್ದರು.

ವಾದದ ಹಿಂದೆ ಕ್ರಿಯೆಯೂ ಇತ್ತು. 411ರಲ್ಲಿ ಚಕ್ರವರ್ತಿಯ ಆದೇಶದಂತೆ ಕಾರ್ಥೇಜಿನಲ್ಲಿ ಎರಡೂ ಪಕ್ಷಗಳ ಮಹಾಸಮ್ಮೇಳನ ನಡೆದಾಗ ಒಂದೊಂದು ಕಡೆಯಿಂದ ಸುಮಾರು 280 ಧರ್ಮಾಧ್ಯಕ್ಷರು ಸೇರಿದ್ದರು. ಸಭೆಗೆ ಮೊದಲೇ ಕಥೋಲಿಕ ಧರ್ಮಾಧ್ಯಕ್ಷರು ಒಂದು ಅಪೂರ್ವ ಮಾತು ಕೊಟ್ಟರು. ತಾವು ಸೋತರೆ ಪೀಠಗಳನ್ನು ತ್ಯಜಿಸುವುದು. ಗೆದ್ದರೆ ಎದುರು ಪಕ್ಷದವರೊಡನೆ ಪೀಠವನ್ನು ಹಂಚಿಕೊಳ್ಳುವುದು. ಒಂದೂರಿಗೆ ಇಬ್ಬರು ಧರ್ಮಾಧ್ಯಕ್ಷರು ಬೇಡವೆಂದು ಜನರು ಹೇಳಿದರೆ ಇಬ್ಬರೂ ಇಳಿದು ಹೊಸಬರಿಗೆ ಸ್ಥಳ ಬಿಡುವುದು. ಐಕ್ಯಕ್ಕಾಗಿ ಕುರ್ಚಿಯನ್ನೇ ಪಣವಿಟ್ಟ ಆ ನಿರ್ಧಾರದ ಹಿಂದೆ ಅಗಸ್ಟೀನರ ಒತ್ತಾಸೆಯಿತ್ತು.

ಅದೇ ಕಾಲದಲ್ಲಿ ದೊನಾತುಸ್ ಪಂಥದ ಉಗ್ರರು ರೆಸ್ತಿತೂತುಸ್ ಎಂಬ ಕಥೋಲಿಕ ಯಾಜಕರನ್ನು ಕೊಂದು, ಇನ್ನೊಬ್ಬ ಯಾಜಕರ ಕಣ್ಣು ಕಿತ್ತು ಬೆರಳು ಕತ್ತರಿಸಿದರು. ಆರೋಪಿಗಳು ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡರು. ಅಗಸ್ಟೀನರು ಕೂಡಲೇ ಸಾಮ್ರಾಜ್ಯದ ಅಧಿಕಾರಿ ಮಾರ್ಸೆಲ್ಲಿನುಸ್‌ಗೆ ಪತ್ರ ಬರೆದರು. ಮರಣದಂಡನೆ ಬೇಡ, ಕಣ್ಣಿಗೆ ಕಣ್ಣು ಎಂಬ ಅಂಗಚ್ಛೇದನವೂ ಬೇಡ, ಅವರು ಬದುಕಿ ಪಶ್ಚಾತ್ತಾಪಪಡಲು ಕಾಲಾವಕಾಶ ದೊರೆಯಲಿ ಎಂದು ಬೇಡಿಕೊಂಡರು. ಶಿಕ್ಷೆಯೇ ಬೇಡವೆಂದು ಅವರು ಹೇಳಲಿಲ್ಲ. ಕೆಡುಕು ಮಾಡಲಾಗದಂತೆ ಅವರನ್ನು ತಡೆದು, ಉಪಯುಕ್ತ ದುಡಿಮೆಗೆ ಹಚ್ಚುವಂತೆ ಕೋರಿದರು. ಈ ಉಗ್ರರು ಹಿಂದೊಮ್ಮೆ ಅಗಸ್ಟೀನರಿಗಾಗಿಯೇ ಹೊಂಚುಹಾಕಿದ್ದುಂಟು. ಅಂದು ದಾರಿ ತೋರಿಸುವವನು ದಾರಿ ತಪ್ಪಿದ್ದರಿಂದ ಅವರ ಜೀವ ಉಳಿದಿತ್ತು.

ಸತ್ಯವನ್ನು ಪೂರ್ಣವಾಗಿ ಹೇಳಬೇಕಾದರೆ ಒಂದು ನೆರಳನ್ನೂ ಇಲ್ಲಿ ತೋರಿಸಬೇಕು. ಯಾರನ್ನೂ ಬಲವಂತದಿಂದ ಐಕ್ಯಕ್ಕೆ ತರಬಾರದೆಂದು ಮೊದಲು ವಾದಿಸಿದ್ದ ಅಗಸ್ಟೀನರು, ಕ್ರಮೇಣ ಆ ಪಂಥದ ಮೇಲೆ ರಾಜಶಾಸನದ ಒತ್ತಡವನ್ನು ಹೇರುವುದನ್ನು ಒಪ್ಪಿಕೊಂಡರು. ಆ ಒಪ್ಪಿಗೆಯನ್ನು ಮುಂದಿನ ಶತಮಾನಗಳು ಅವರು ಊಹಿಸಿರದಷ್ಟು ದೂರಕ್ಕೆ ಒಯ್ದವು. ಸತ್ಯದ ಸೇವೆಯ ಹೆಸರಿನಲ್ಲಿ ಕ್ರೈಸ್ತರು ಬಲಪ್ರಯೋಗ ಮಾಡಿದ್ದಕ್ಕಾಗಿ ಪೋಪ್ ಎರಡನೆಯ ಜಾನ್ ಪಾಲ್‌ರವರು 2000ದ ಮಾರ್ಚ್ 12ರಂದು ರೋಮಿನಲ್ಲಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಸಂತರೂ ಕ್ಷಮೆಯ ಅಗತ್ಯವುಳ್ಳವರು; ಧರ್ಮಸಭೆಯೂ ಮೊಣಕಾಲೂರಬೇಕಾದದ್ದೇ.

ಒಂದೇ ಮೇಜು, ಒಂದೇ ಚೀಲ

ಹಿಪ್ಪೊದಲ್ಲಿ ಅಗಸ್ಟೀನರು ತಮ್ಮ ನಿವಾಸವನ್ನೇ ಮಠವಾಗಿಸಿದರು. ಅವರೊಡನಿದ್ದ ಯಾಜಕರು ಸ್ವಂತ ಆಸ್ತಿಯನ್ನು ತೊರೆದು, ಪ್ರೇಷಿತರ ಕಾಲದ ಜೆರುಸಲೇಮಿನ ವಿಶ್ವಾಸಿಗಳಂತೆ ಎಲ್ಲವನ್ನೂ ಸಾಮಾನ್ಯವಾಗಿ ಹೊಂದಿರಬೇಕಿತ್ತು. ಸುಮಾರು ನಲವತ್ತು ವರ್ಷ ಅವರ ಒಡನಾಡಿಯಾಗಿದ್ದು ಅವರ ಚರಿತ್ರೆಯನ್ನು ಬರೆದ ಪೊಸ್ಸಿದಿಯುಸ್ ಆ ಮನೆಯ ಊಟದ ಮೇಜನ್ನು ನಮಗೆ ತೋರಿಸುತ್ತಾರೆ. ಸೊಪ್ಪುತರಕಾರಿಯ ಸರಳ ಊಟ. ಅತಿಥಿಗಳಿಗಾಗಿ ಕೆಲವೊಮ್ಮೆ ಮಾಂಸ. ಚಮಚಗಳು ಮಾತ್ರ ಬೆಳ್ಳಿಯವು, ಉಳಿದ ಪಾತ್ರೆಗಳು ಮಣ್ಣು, ಮರ ಅಥವಾ ಕಲ್ಲಿನವು. ಅಲ್ಲಿಲ್ಲದವರ ಬಗ್ಗೆ ಕೆಟ್ಟ ಮಾತಾಡುವವರಿಗೆ ಈ ಮೇಜಿನಲ್ಲಿ ಸ್ಥಳವಿಲ್ಲ ಎಂಬರ್ಥದ ಪದ್ಯವನ್ನು ಅಲ್ಲಿ ಬರೆಯಿಸಲಾಗಿತ್ತು. ಒಮ್ಮೆ ಆಪ್ತರಾದ ಧರ್ಮಾಧ್ಯಕ್ಷರೇ ಅದನ್ನು ಮರೆತು ಮಾತಾಡಿದಾಗ, ಒಂದೋ ಆ ಪದ್ಯವನ್ನು ಅಳಿಸಬೇಕು, ಇಲ್ಲವೇ ತಾನು ಊಟ ಬಿಟ್ಟು ಏಳಬೇಕು ಎಂದು ಅಗಸ್ಟೀನರು ಕಟುವಾಗಿ ನುಡಿದರು.

ಅವರ ಹೆಸರಿನಲ್ಲಿ ಉಳಿದುಬಂದ ಸಮುದಾಯ ಜೀವನದ ಕಿರು ನಿಯಮಾವಳಿಯನ್ನು ಇಂದಿಗೂ ಅನೇಕ ಸನ್ಯಾಸಿ ಸಂಸ್ಥೆಗಳು ಅನುಸರಿಸುತ್ತವೆ. ಒಟ್ಟಿಗೆ ಬಾಳುವವರಲ್ಲಿ ಜಗಳ ಬರುವುದೇ ಇಲ್ಲ ಎಂಬ ಭ್ರಮೆ ಅದರಲ್ಲಿಲ್ಲ. ಜಗಳ ಬಂದರೆ ಬೇಗ ಮುಗಿಯಬೇಕು. ನೋಯಿಸಿದವನು ತಡಮಾಡದೆ ಕ್ಷಮೆ ಕೇಳಬೇಕು. ನೊಂದವನು ಮರುಮಾತಿಲ್ಲದೆ ಕ್ಷಮಿಸಬೇಕು. ಬೇಗ ಸಿಟ್ಟಾದರೂ ಬೇಗ ಕ್ಷಮೆ ಕೇಳುವವನು, ಅಪರೂಪಕ್ಕೆ ಸಿಟ್ಟಾಗಿ ಕ್ಷಮೆ ಕೇಳಲು ಹಿಂಜರಿಯುವವನಿಗಿಂತ ಉತ್ತಮ. ಎಂದಿಗೂ ಕ್ಷಮೆ ಕೇಳದವನು ಮಠದಲ್ಲಿದ್ದೂ ಇಲ್ಲದಂತೆಯೇ ಸರಿ. ಗೋಡೆಯೊಳಗಿನ ಸನ್ಯಾಸಿಗಳಿಗೆ ಹೇಳಿದ ಈ ಮಾತು ಒಂದೇ ಸೂರಿನಡಿ ಬಾಳುವ ಅಣ್ಣತಮ್ಮಂದಿರಿಗೆ, ಅತ್ತೆಸೊಸೆಯರಿಗೆ ಅನ್ವಯಿಸದೇ?

ಆ ಮನೆಯೂ ಪರೀಕ್ಷೆಗೆ ಒಳಗಾಯಿತು. ಅಗಸ್ಟೀನರಿಗೆ ಎಪ್ಪತ್ತು ದಾಟಿದಾಗ, ಸುಮಾರು 425ರಲ್ಲಿ, ಯನುವಾರಿಯುಸ್ ಎಂಬ ಯಾಜಕರು ತೀರಿಕೊಂಡರು. ಎಲ್ಲವನ್ನೂ ತೊರೆದವರೆಂದು ನಂಬಲಾಗಿದ್ದ ಅವರು ಗುಟ್ಟಾಗಿ ಹಣ ಇಟ್ಟುಕೊಂಡು, ಇಬ್ಬರು ಮಕ್ಕಳನ್ನು ಬದಿಗೊತ್ತಿ ಅದನ್ನು ದೇವಾಲಯಕ್ಕೆ ಉಯಿಲು ಬರೆದಿದ್ದರು. ಅಗಸ್ಟೀನರು ಆ ಹಣವನ್ನು ಮುಟ್ಟಲಿಲ್ಲ. ಅದು ಮಕ್ಕಳದೆಂದು ಹೇಳಿ, ಅವರ ನಡುವಣ ವ್ಯಾಜ್ಯವನ್ನು ಬಗೆಹರಿಸಲು ಮುಂದಾದರು. ವಿಷಯವನ್ನು ಮುಚ್ಚಿಡದೆ ಇಡೀ ಸಭೆಯ ಮುಂದಿಟ್ಟು, ತಮ್ಮೊಡನಿದ್ದ ಪ್ರತಿಯೊಬ್ಬ ಯಾಜಕರ ಆಸ್ತಿಯ ಸ್ಥಿತಿಯನ್ನು ವಿಚಾರಿಸಿ, ಪ್ರಭುಪ್ರಕಾಶದ ಹಬ್ಬದ ನಂತರ ಜನರಿಗೆ ವರದಿ ಒಪ್ಪಿಸಿದರು. ಕ್ಷಮೆಯೆಂದರೆ ತಪ್ಪನ್ನು ಚಾಪೆಯಡಿ ತಳ್ಳುವುದಲ್ಲ ಎಂಬುದನ್ನು ಈ ಪ್ರಸಂಗ ಕಲಿಸುತ್ತದೆ. ಸತ್ಯವಿಲ್ಲದ ಕಡೆ ಕ್ಷಮೆಗೆ ನೆಲೆಯಿಲ್ಲ.

ಅವರ ದಿನದ ಬಹುಭಾಗ ಜನರ ವ್ಯಾಜ್ಯಗಳನ್ನು ತೀರಿಸುವುದರಲ್ಲಿ ಕಳೆಯುತ್ತಿತ್ತು. ಕೆಲವೊಮ್ಮೆ ಊಟವಿಲ್ಲದೆ ಸಂಜೆಯವರೆಗೂ ಕುಳಿತಿರುತ್ತಿದ್ದರು. ಸೆರೆಯಾಳುಗಳನ್ನು ಬಿಡಿಸಲು ಮತ್ತು ಬಡವರಿಗೆ ನೆರವಾಗಲು ದೇವಾಲಯದ ಪವಿತ್ರ ಪಾತ್ರೆಗಳನ್ನೇ ಕರಗಿಸಿದ್ದುಂಟು. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಕ್ಷಮಿಸುವಂತೆ ನಮ್ಮನ್ನು ಕ್ಷಮಿಸೆಂದು ಬೇಡುವ ಭಾಗವನ್ನು ಅವರು ತಮ್ಮ ಜನರಿಗೆ ಮತ್ತೆ ಮತ್ತೆ ವಿವರಿಸುತ್ತಿದ್ದರು. ದೀಕ್ಷಾಸ್ನಾನ ಒಂದು ಸಲ. ದಿನನಿತ್ಯದ ತಪ್ಪುಗಳನ್ನು ತೊಳೆಯಲು ದಿನನಿತ್ಯದ ಈ ಪ್ರಾರ್ಥನೆ. ಆದರೆ ನೆರೆಯವನನ್ನು ಕ್ಷಮಿಸದವನು ಅದನ್ನು ಹೇಳುವಾಗ ತನ್ನ ವಿರುದ್ಧವೇ ಒಪ್ಪಂದಕ್ಕೆ ಸಹಿ ಹಾಕುತ್ತಾನೆಂಬುದು ಅವರ ಬೋಧನೆಯ ತಿರುಳು.

ಗೋಡೆಯ ಮೇಲಿನ ಕೀರ್ತನೆಗಳು

429ರಲ್ಲಿ ವಾಂಡಲ್ ಜನಾಂಗದ ಸೇನೆ ಆಫ್ರಿಕಕ್ಕೆ ನುಗ್ಗಿತು. 430ರಲ್ಲಿ ಹಿಪ್ಪೊ ನಗರಕ್ಕೆ ಮುತ್ತಿಗೆ ಬಿತ್ತು. ಕೋಟೆಯೊಳಗೆ ನಿರಾಶ್ರಿತರು ತುಂಬಿದ್ದರು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಅಗಸ್ಟೀನರು ಜ್ವರದಿಂದ ಹಾಸಿಗೆ ಹಿಡಿದರು. ದಾವೀದರ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಗೋಡೆಗೆ ಅಂಟಿಸಿಕೊಂಡು, ಮಲಗಿದಲ್ಲಿಂದಲೇ ಅವನ್ನು ಓದುತ್ತಾ ಕಣ್ಣೀರಿಡುತ್ತಿದ್ದರು. ಎಷ್ಟೇ ಸಜ್ಜನನಾಗಿದ್ದರೂ ಪಶ್ಚಾತ್ತಾಪವಿಲ್ಲದೆ ಈ ದೇಹವನ್ನು ಬಿಡಬಾರದೆಂದು ಅವರು ಆಪ್ತರಲ್ಲಿ ಹೇಳುತ್ತಿದ್ದರು. ಕೊನೆಯ ಹತ್ತು ದಿನ ವೈದ್ಯರು ಬರುವಾಗ, ಊಟ ತರುವಾಗ ಹೊರತು ಯಾರೂ ಒಳಬರದಂತೆ ಕೇಳಿಕೊಂಡು ಪ್ರಾರ್ಥನೆಯಲ್ಲಿ ಕಳೆದರು. ಆಗಸ್ಟ್ 28ರಂದು, ಸೋದರರು ಸುತ್ತ ನಿಂತು ಪ್ರಾರ್ಥಿಸುತ್ತಿರಲು, ಪ್ರಾಣಬಿಟ್ಟರು. ಬರೆಯಲು ಉಯಿಲು ಇರಲಿಲ್ಲ, ಏಕೆಂದರೆ ಕೊಡಲು ಸ್ವಂತದ್ದೇನೂ ಇರಲಿಲ್ಲ. ಗ್ರಂಥಾಲಯವನ್ನು ಮಾತ್ರ ಜೋಪಾನವಾಗಿ ಕಾಪಾಡಲು ಹೇಳಿದ್ದರು.

ನಲವತ್ತು ವರ್ಷ ಇತರರಿಗೆ ಕ್ಷಮೆಯನ್ನು ಸಾರಿದವರು ಕೊನೆಯಲ್ಲಿ ಕ್ಷಮೆ ಬೇಡುವವರ ಸಾಲಿನಲ್ಲಿಯೇ ನಿಂತರು. 1244ರಲ್ಲಿ ರೂಪುಗೊಂಡ ಅಗಸ್ಟೀನ್ ಸನ್ಯಾಸಿ ಸಂಸ್ಥೆ ಅವರ ನಿಯಮಾವಳಿಯನ್ನು ಅನುಸರಿಸುತ್ತದೆ. 2025ರ ಮೇ 8ರಂದು ಆಯ್ಕೆಯಾದ ಪೋಪ್ ಹದಿನಾಲ್ಕನೆಯ ಲಿಯೊರವರು ಆ ಸಂಸ್ಥೆಯವರು. ಸಂತ ಫ್ರಾನ್ಸಿಸ್ ಕ್ಸೇವಿಯರರ ದರ್ಶನಕ್ಕೆಂದು ಹಳೆ ಗೋವೆಗೆ ಹೋದ ನಮ್ಮ ಕುಟುಂಬಗಳು ಗುಡ್ಡದ ಮೇಲೆ ಅರೆಕುಸಿದು ನಿಂತಿರುವ ಎತ್ತರದ ಗೋಪುರವನ್ನು ಕಂಡಿರಬಹುದು. ಅದು ಇದೇ ಸಂಸ್ಥೆಯವರು ಕಟ್ಟಿದ ದೇವಾಲಯದ್ದು. ಕಲ್ಲಿನ ಗೋಪುರಗಳು ಕುಸಿಯುತ್ತವೆ. ಅವರು ನಿಜವಾಗಿ ಕಟ್ಟಿದ ಮನೆ ಬೇರೆಯೇ.

ಆ ಮನೆ ನಮ್ಮ ಧರ್ಮಕೇಂದ್ರಗಳಲ್ಲಿ ಇಂದು ಹೇಗಿದೆ? ಆಸ್ತಿ ಪಾಲಾದ ದಿನದಿಂದ ಮಾತು ಬಿಟ್ಟ ಒಡಹುಟ್ಟಿದವರು ಒಂದೇ ದೇವಾಲಯದಲ್ಲಿ ಎಡಕ್ಕೊಬ್ಬರು, ಬಲಕ್ಕೊಬ್ಬರು ಕುಳಿತುಕೊಳ್ಳುತ್ತಾರೆ. ಬಲಿಪೂಜೆಯಲ್ಲಿ ಶಾಂತಿಯ ವಂದನೆಯ ಸಮಯ ಬಂದಾಗ ಪರಿಚಯವಿಲ್ಲದವರತ್ತ ತಿರುಗಿ ಕೈಮುಗಿಯುತ್ತೇವೆ. ಎರಡು ಬೆಂಚು ಮುಂದಿರುವ ತಮ್ಮನತ್ತ ನೋಡುವುದಿಲ್ಲ. ಮನೆತನಕ್ಕೆ ಕಳಂಕ ತಂದಳೆಂದು ಒಬ್ಬ ಮಗಳನ್ನು ವರ್ಷಗಟ್ಟಲೆ ಹೊಸ್ತಿ��ಿನಾಚೆ ನಿಲ್ಲಿಸುತ್ತೇವೆ. ರೊಟ್ಟಿ ಸುಡಬಾರದೆಂಬ ಅಪ್ಪಣೆ ಹಿಪ್ಪೊದಲ್ಲಿ ಮಾತ್ರ ಹೊರಟದ್ದಲ್ಲ. ನಮ್ಮನ್ನು ನಾವು ಶುದ್ಧರೆಂದು ಎಣಿಸಿದ ಕಡೆಯೆಲ್ಲ ಅದು ಇಂದಿಗೂ ಹೊರಡುತ್ತದೆ.

ಆಗಸ್ಟ್ 28ರಿಂದ ಮರಿಯಮ್ಮನವರ ಜನನದ ಹಬ್ಬವಾದ ಸೆಪ್ಟೆಂಬರ್ 8ಕ್ಕೆ ಹನ್ನೊಂದು ದಿನಗಳಿವೆ. ಅಂದು ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಆಶೀರ್ವದಿಸಿದ ತೆನೆಯನ್ನು ತಂದು, ಹೊಸ ಅಕ್ಕಿಯ ಕಾಳುಗಳನ್ನು ಹಂಚಿ, ಕುಟುಂಬವೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಹಿರಿಯರಿಂದ ಬಂದ ಪದ್ಧತಿ. ದೂರವಿರುವವರಿಗೂ ಒಂದೆರಡು ಕಾಳು ಕಳುಹಿಸಿಕೊಡುತ್ತೇವೆ. ಈ ವರ್ಷ ಆ ಪಂಕ್ತಿಯಲ್ಲಿ ಯಾರ ಎಲೆ ಬರಿದಾಗಿರುತ್ತದೆಂದು ಪ್ರತಿಯೊಂದು ಮನೆಯೂ ಮೊದಲೇ ಯೋಚಿಸಲಿ. ಹನ್ನೊಂದು ದಿನಗಳಲ್ಲಿ ಒಂದು ಸಂಜೆ ಪಾಪನಿವೇದನೆಗೆ ಹೋಗೋಣ. ಇನ್ನೊಂದು ಸಂಜೆ, ತಪ್ಪು ಯಾರದೆಂಬ ಲೆಕ್ಕವನ್ನು ಬದಿಗಿಟ್ಟು, ಆ ಮನೆಯ ಬಾಗಿಲು ತಟ್ಟೋಣ. ಮೋನಿಕಾರವರಂತೆ ಕೂಡಿಸುವ ಮಾತನ್ನಷ್ಟೇ ಒಯ್ಯೋಣ. ಕ್ಷಮೆ ಪಡೆದವರ ಮನೆಯಲ್ಲಿ ಕೊನೆಯವರೆಗೂ ಬಾಳುವ ಕೃಪೆಯನ್ನು ಸಂತ ಅಗಸ್ಟೀನರ ಪ್ರಾರ್ಥನೆಯ ಮೂಲಕ ದಯಾಮಯ ದೇವರು ನಮ್ಮೆಲ್ಲರ ಕುಟುಂಬಗಳಿಗೂ ಅನುಗ್ರಹಿಸಲಿ.